ಆ ವಾಕ್ಯದ ಪಕ್ಕದ ಪುಟ್ಟ ‘1’

ಇದು 2007ರ ಮಾತು. ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ, ಮಂಡ್ಯದ ಕಡೆಯಿಂದ ಬಂದು ಬಾಡಿಗೆ ರೂಮು ಹಿಡಿದಿದ್ದೆ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಮುನಿರಾಜು ಅಲ್ಲೇ ಹತ್ತಿರದ ಕಾಡಂಚಿನ ಊರು ಜವಳಗಿರಿಯವನು. ಮನೆಮಾತು ಕನ್ನಡ, ಓದಿದ್ದು ತಮಿಳಿನಲ್ಲಿ. ಭಾನುವಾರ ಬಂತೆಂದರೆ ಇಬ್ಬರೂ ಬಸ್‌ಸ್ಟ್ಯಾಂಡ್ ಹತ್ತಿರದ ಬ್ರೌಸಿಂಗ್ ಸೆಂಟರಿಗೆ ಹೋಗಿ, ಎಲ್ಲರೂ ಸೇರಿ ಬರೆಯುವ ಅಂತರ್ಜಾಲ ವಿಶ್ವಕೋಶದಲ್ಲಿ ಅವನ ಊರಿನ ಬಗ್ಗೆ ಬರೆಯುತ್ತಿದ್ದೆವು. ಅವನು ಹೇಳುವುದು, ನಾನು ಟೈಪ್ ಮಾಡುವುದು.

‘ರಾಗಿ ತೆನೆ ಬಲಿಯುವ ಕಾಲದಲ್ಲಿ ಆನೆಗಳು ಸಂಜೆ ಊರಾಚೆಯ ಕೆರೆಗೆ ಇಳಿಯುತ್ತವೆ’ ಎಂದು ಬರೆದಿದ್ದೆವು. ಒಂದು ವಾರ ಬಿಟ್ಟು ಹೋಗಿ ನೋಡಿದರೆ ಅದರ ಪಕ್ಕ ಯಾರೋ ‘ಆಧಾರ ಬೇಕು’ ಎಂದು ಗುರುತು ಹಾಕಿದ್ದರು. ಮುನಿರಾಜುವಿಗೆ ರೇಗಿತು.

“ನಾನ್ ಹುಟ್ಟಿದೂರ್ಗೆ ನಾನೇ ಆಧಾರ ಅಲ್ವೇನಣ್ಣಾ? ಇನ್ನೇನು ಆನೆ ಕೈಲಿ ಸೈನ್ ಹಾಕ್ಸ್ಕೊಂಡ್ ಬರ್ಬೇಕಾ?”

ಗುರುತು ಹಾಕಿದವರನ್ನು ಅಲ್ಲೇ ಬರೆದು ಕೇಳಿದೆವು. ನಾವು ಕಣ್ಣಾರೆ ಕಂಡದ್ದು ಸಾಲದು, ಅಚ್ಚಾದ ಪುಸ್ತಕದ ಹೆಸರು, ವರ್ಷ, ಪುಟಸಂಖ್ಯೆ ಕ್ರಮವಾಗಿ ಕೊಡಬೇಕು, ಇಲ್ಲದಿದ್ದರೆ ವಾಕ್ಯ ತೆಗೆಯಬೇಕಾಗುತ್ತದೆ ಎಂದು ವಿನಯದಿಂದಲೇ ಉತ್ತರ ಬಂತು. ಊರಿನ ಶಾಲೆಯ ಹಳೆಯ ಸ್ಮರಣ ಸಂಚಿಕೆಯಲ್ಲಿ ಆ ಕೆರೆಯ ವಿಷಯ ಇದ್ದದ್ದು ಮುನಿರಾಜುವಿಗೆ ನೆನಪಾಯಿತು. ಮುಂದಿನ ಭಾನುವಾರ ಜವಳಗಿರಿಗೆ ಹೋಗಿ, ಅವನ ಮಾವನ ಮನೆಯಲ್ಲಿ ಅದನ್ನು ಹುಡುಕಿ, ಬೇಕಾದ್ದನ್ನೆಲ್ಲ ಬರೆದುಕೊಂಡೆವು.

ಹೊರಡುವಾಗ ಬಿಸಿಲು ಇಳಿದಿತ್ತು. ಹೇಗೂ ಬಂದಿದ್ದೇವೆ, ಕೆರೆಯ ಒಂದು ಫೋಟೊನೂ ಹಾಕೋಣ ಎಂದ ಮುನಿರಾಜು. ನಾನು ಕೆರೆ ಏರಿಯ ಮೇಲಿನ ಹುಣಸೆ ಮರದಡಿ ನಿಂತೆ. ಅವನು ಮೊಬೈಲ್ ಎತ್ತಿ ಹಿಡಿದು, ರಾಗಿ ಹೊಲದ ಪಕ್ಕದ ಕಾಲುದಾರಿಯಲ್ಲಿ ನೀರಿನತ್ತ ನಡೆದ.

ಅವನ ಹಿಂದಿನ ಪೊದೆಯಿಂದ ಆನೆ ಹೊರಬಂತು. ಒಂಟಿ ಆನೆ. ಕೂಗಲು ಬಾಯಿ ತೆರೆದೆ, ದನಿ ಹೊರಡಲಿಲ್ಲ. ಅದು ನೇರವಾಗಿ ಅದೇ ದಾರಿಯಲ್ಲಿ ಬರುತ್ತಿತ್ತು.

ಮುನಿರಾಜುವಿಗೆ ಹೇಗೆ ಗೊತ್ತಾಯಿತೋ. ತಿರುಗಿ ನೋಡಲಿಲ್ಲ, ಓಡಲೂ ಇಲ್ಲ. ಮೊಬೈಲ್ ಇಳಿಸಿ, ಮೆಲ್ಲಗೆ ಎಡಕ್ಕೆ ಸರಿದು, ರಾಗಿ ತೆನೆಗಳ ನಡುವೆ ತಲೆ ತಗ್ಗಿಸಿ ನಿಂತ. ಕಾಡಿನ ಹತ್ತಿರ ಆ ಊರಿನವರು ಆನೆಯ ಹೆಸರೆತ್ತುವುದಿಲ್ಲ, ಸಾಮಿ ಎನ್ನುತ್ತಾರೆ.

“ದಾರಿ ಬುಟ್ಟಿದೀನಿ ಸಾಮಿ,” ಎಂದ. “ಹೋಗಪ್ಪಾ.”

ಆನೆ ಅವನ ಪಕ್ಕದಲ್ಲಿ ನಿಂತಿತು. ಬಸ್ಸಿನ ಬ್ರೇಕು ಬಿಟ್ಟಾಗ ಬರುವಂಥ ಉಸಿರು ಏರಿಯ ಮೇಲಿದ್ದ ನನಗೂ ಕೇಳಿಸಿತು. ಎಷ್ಟು ಹೊತ್ತು ಹಾಗೆ ನಿಂತಿತ್ತೋ ತಿಳಿಯದು. ಆಮೇಲೆ ನೀರಿಗೆ ಇಳಿದು ಹೋಯಿತು.

ಮುನಿರಾಜು ಮೇಲೆ ಬಂದ. ಮುಖದಲ್ಲಿ ರಕ್ತವಿರಲಿಲ್ಲ.

“ಪುಟದ ನಂಬರ್ ಸರ್ಯಾಗ್ ಬರ್ಕೊಂಡಿದೀಯಲ್ಲಣ್ಣಾ? ಇನ್ನೊಂದ್ಸಲ ಬರಾಕೆ ನನ್ ಕೈಲಾಗಲ್ಲ.”

ನಗಲು ಹೋಗಿ ಹಾಗೇ ಮರದ ಬೇರಿನ ಮೇಲೆ ಕುಸಿದು ಕೂತ.

ಮರುದಿನ ಕೆಲಸ ಮುಗಿಸಿ ಇಬ್ಬರೂ ಬ್ರೌಸಿಂಗ್ ಸೆಂಟರಿಗೆ ಹೋದೆವು, ನಾನು ಆಧಾರ ಸೇರಿಸಿದೆ. ಮನಸ್ಸು ಇನ್ನೂ ಆ ಕೆರೆಯ ಹತ್ತಿರವೇ ಇತ್ತು. ಅಡಿಟಿಪ್ಪಣಿ ಇಲ್ಲಿಗೆ ಮುಗಿಯಿತು ಎಂದು ತೋರಿಸುವ ಕೋಡಿನ ಗುರುತು ಹಾಕುವುದನ್ನು ಮರೆತು ಪುಟವನ್ನು ಸೇವ್ ಮಾಡಿಬಿಟ್ಟೆ. ಆ ವಾಕ್ಯದಿಂದಾಚೆಗೆ ಬರೆದದ್ದೆಲ್ಲ ಪುಟದಿಂದ ಮಾಯವಾಯಿತು.

“ಊರೇ ಹೋಗ್ಬುಡ್ತಲ್ಲಣ್ಣಾ,” ಎಂದ ಮುನಿರಾಜು.

ತಪ್ಪೆಲ್ಲಿದೆ ಎಂದು ನಾವು ತಡಕಾಡುತ್ತಿರುವಾಗಲೇ ಎಲ್ಲವೂ ಮರಳಿ ಬಂತು. ಹಿಂದೆ ‘ಆಧಾರ ಬೇಕು’ ಎಂದಿದ್ದ ಅಪರಿಚಿತರೇ ಸರಿಪಡಿಸಿ ಒಂದು ಮಾತು ಬರೆದಿದ್ದರು: ‘ಕೊನೆಯ ಗುರುತು ಬಿಟ್ಟುಹೋಗಿತ್ತು, ಸೇರಿಸಿದ್ದೇನೆ. ಆಧಾರ ಹುಡುಕಲು ನಿಮಗೆ ತುಂಬ ತೊಂದರೆಯಾಯಿತೇನೋ.’ ನಿನ್ನೆ ನಡೆದದ್ದನ್ನು ಅವರಿಗೆ ಬರೆಯತೊಡಗಿದೆ. ಮುನಿರಾಜು ನನ್ನ ಕೈ ಹಿಡಿದ.

“ಬುಡಣ್ಣಾ. ಅದ್ಕೂ ಆಧಾರ ಕೇಳ್ತಾರೆ.”

ಸೆಂಟರಿನವರು ತಿರುಗಿ ನೋಡುವಷ್ಟು ನಕ್ಕೆವು.

ಈಗ ಆ ಸೆಂಟರ್ ಇಲ್ಲ. ನಾವಿಬ್ಬರೂ ಬೇರೆ ಬೇರೆ ಕಾರ್ಖಾನೆ ಸೇರಿದ್ದೇವೆ. ಆ ವಾಕ್ಯ ಮಾತ್ರ ಪಕ್ಕದಲ್ಲಿ ಅಡಿಟಿಪ್ಪಣಿಯ ಪುಟ್ಟ ‘1’ ಹೊತ್ತು ಹಾಗೇ ಇದೆ. ಅದನ್ನು ಒತ್ತಿದವರಿಗೆ ಪುಸ್ತಕದ ಹೆಸರು, ವರ್ಷ, ಪುಟ ಕಾಣುತ್ತದೆ. ನನಗೆ ರಾಗಿ ತೆನೆಗಳ ನಡುವೆ ತಲೆ ತಗ್ಗಿಸಿ ನಿಂತ ಅವನ ಬೆನ್ನು ಕಾಣುತ್ತದೆ. ಕೂಗಲು ಬಾಯಿ ತೆರೆಯುತ್ತೇನೆ. ಇಂದಿಗೂ ದನಿ ಹೊರಡುವುದಿಲ್ಲ.