ಸ್ಪ್ಯಾನಿಶ್ ರಕಾರಕ್ಕೆ ಮಿಡಿಗೇಶಿ ಬಸ್ಸು

ನಮ್ಮ ಯಜಮಾನರು ಮಧುಗಿರಿ ಹತ್ತಿರದ ಒಂದು ಮಿಡಿಸೌತೆ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅಲ್ಲಿ ಎಳೆಯ ಸೌತೆ ಮಿಡಿಗಳನ್ನು ಉಪ್ಪುನೀರಿಗೆ ಹಾಕಿ ಸ್ಪೇನ್ ದೇಶಕ್ಕೆ ಕಳಿಸುತ್ತಾರೆ. ಕೊಳ್ಳುವವರೇ ಒಮ್ಮೆ ನೋಡಲು ಬರುತ್ತಾರೆಂದು ಗೊತ್ತಾದಾಗ ಮ್ಯಾನೇಜರು, ಅವರ ಭಾಷೆಯಲ್ಲಿ ನಾಲ್ಕು ಮಾತು ಬಲ್ಲವರೇ ಅವರನ್ನು ಸುತ್ತಾಡಿಸಬೇಕು ಎಂದರಂತೆ. ಅವತ್ತಿನಿಂದ ನಮ್ಮ ಮನೆಯ ಸುಪ್ರಭಾತ ಸ್ಪ್ಯಾನಿಶ್ ಅಕ್ಷರಮಾಲೆಯಾಯಿತು.

ಫೋನಿನೊಳಗಿನ ಹೆಂಗಸು "ಆ, ಬೆ, ಸೆ" ಎನ್ನುವಳು. ಇವರು ಹಲ್ಲುಜ್ಜುತ್ತಾ ಅದನ್ನೇ ಅನ್ನುವರು. ಮುದ್ದೆ ತೊಳಸುತ್ತಾ ನಾನೂ ಕಲಿತೆ. ಅವರಲ್ಲಿ ಎಚ್ ಅಕ್ಷರವನ್ನು ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಹಾಗಾದರೆ ಹಾಲಿಗೆ 'ಆಲು' ಅನ್ನುವ ನಮ್ಮೂರವರೆಲ್ಲ ಅರ್ಧ ಸ್ಪ್ಯಾನಿಶ್ ಕಲಿತವರೇ ಎಂದೆ. ಎನ್ ಮೇಲೆ ಕೊಂಕು ಗೆರೆ ಎಳೆದರೆ ನಮ್ಮ ಞ. ಒಂದನೇ ತರಗತಿಯಿಂದ ಕೆಲಸವಿಲ್ಲದೆ ಕೂತಿದ್ದ ಅಕ್ಷರಕ್ಕೆ ಅಂತೂ ಪರದೇಶದಲ್ಲಿ ನೌಕರಿ ಸಿಕ್ಕಿತ್ತು.

ಯಜಮಾನರು ನಗಲಿಲ್ಲ. ಅವರ ಗಾಡಿ ಜೋಡಿ ಆರ್‌ನಲ್ಲಿ ಹೂತುಕೊಂಡಿತ್ತು. ಅದಕ್ಕೆ ನಾಲಿಗೆಯ ತುದಿ ಗಿರಗಿರನೆ ಅದುರಬೇಕು. 'ಪೆರ್ರೋ' ಎಂದರೆ ನಾಯಿ. ಇವರ ನಾಯಿ ಒಂದು ದಿನವೂ ಬೊಗಳಲಿಲ್ಲ.

ಒಗ್ಗರಣೆ ಹಾಕುತ್ತಾ ನಾನು ಸಲೀಸಾಗಿ "ಪೆರ್ರ್ರೋ" ಎಂದೆ. ಫೋನು ಹಸಿರು ಗುರುತು ತೋರಿಸಿತು.

"ಹೆಂಗೇ ಮಾಡ್ತೀಯ ಅದನ್ನ?"

"ಕಲಿಸೋ ಮೇಷ್ಟ್ರು ಮಿಡಿಗೇಶಿ ಹತ್ರ ಇದಾರೆ. ಭಾನುವಾರ ಬಸ್ ಹತ್ತಿ."

ಮೇಷ್ಟ್ರು ಬೇರೆ ಯಾರೂ ಅಲ್ಲ, ಮುಳ್ಳುಬೇಲಿಯ ರೊಪ್ಪದಲ್ಲಿ ಕುರಿ ಕೂಡಿ ಸಾಕುವ ನಮ್ಮಪ್ಪ. ಮದುವೆಯಾದಾಗಿನಿಂದ ಇವರು ಕಂಡವರ ಮುಂದೆಲ್ಲ "ಮಾವನವರದು ಫಾರ್ಮ್ ಇದೆ" ಎನ್ನುತ್ತಿದ್ದರು. ಎಲೆಗೆ ಬಡಿಸಿದಾಗ ಬಿಟ್ಟರೆ ಕುರಿ ಎಂಬ ಮಾತೇ ಇವರ ಬಾಯಲ್ಲಿ ಬರುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾಲ್ಕು ಜನರ ಮುಂದೆ ಒಂದು ಸಲ ಕುರಿ ಎನ್ನಿಸಬೇಕೆಂದು ಹಟ ಹಿಡಿದಿದ್ದೆ.

ಭಾನುವಾರ ನಾವಿಬ್ಬರೂ ಹೋದಾಗ, ಕುರಿ ಕರೆಯುವ ಕೂಗು ಕಲಿಸಲು ಅಪ್ಪ ಅಳಿಯನನ್ನು ಬಯಲಲ್ಲಿ ನಿಲ್ಲಿಸಿಕೊಂಡರು. "ಅಳಿಯಂದ್ರೆ, ಗಂಟ್ಲಿಂದ ಬ್ಯಾಡಿ. ನಾಲ್ಗೆ ಸಡ್ಲ ಬುಡಿ, ಉಸ್ರು ದಬ್ಬಿ. ಟುರ್ರ್ರ್ರ್!"

ಇವರು "ಟುರ್" ಎಂದರು. ಕುರಿಗಳು ತಲೆಯೆತ್ತಲಿಲ್ಲ.

"ನಾಚ್ಕಂಡ್ರೆ ಬರಾಕಿಲ್ಲ ಬುಡಿ," ಎಂದರು ಅಪ್ಪ.

ಹೊತ್ತು ಇಳಿಯುವಷ್ಟರಲ್ಲಿ ಇವರ ಪ್ಯಾಂಟಿನ ತುಂಬ ಉತ್ತರಾಣಿ ಮುಳ್ಳು, ಬಾಯ ತುಂಬ ಟುರ್ರ್ರ್. ಮಂದೆಗೆ ಮಂದೆಯೇ ಬಂದು ಸುತ್ತ ನಿಂತಿತು. ಇವರ ಮುಖ ನೋಡಬೇಕಿತ್ತು, ಎಲೆಕ್ಷನ್ ಗೆದ್ದವರ ಹಾಗೆ ಬೀಗುತ್ತಿದ್ದರು.

ಅತಿಥಿ ಬಂದ ದಿನ ಕಾರ್ಖಾನೆಯಲ್ಲಿ ಕೆಲಸಗಾರರ ಮನೆಯವರಿಗೂ ಊಟವಿತ್ತು. ಬಂದವರು ಮೀಸೆಯ ಹಿರಿಯರೊಬ್ಬರು, ಜೊತೆಗೆ ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಒಬ್ಬಾಕೆ. ಎಲೆಯ ಮೇಲಿನ ಅನ್ನ ತೋರಿಸಿ ಯಜಮಾನರು "ಅರ್ರೋಸ್" ಎಂದದ್ದೇ ತಡ, ಹಿರಿಯರು ಚಪ್ಪಾಳೆ ತಟ್ಟಿದರು. ಇಷ್ಟು ಚೆನ್ನಾಗಿ ಎಲ್ಲಿ ಕಲಿತಿರಿ ಎಂದು ಆಕೆ ಕೇಳಿದಳು. ಈಗಲಾದರೂ ಕುರಿ ಎನ್ನುತ್ತಾರೆಂದು ನಾನು ಕಿವಿ ನಿಮಿರಿಸಿದೆ.

"ಮಾವನವರ ಫಾರ್ಮ್‌ನಲ್ಲಿ," ಎಂದರು ಇವರು.

ತಡೆಯಲಾಗಲಿಲ್ಲ. ಕೂತಲ್ಲಿಂದಲೇ, ಅಪ್ಪನ ಹಾಗೆ, "ಟುರ್ರ್ರ್ರ್ರ್!" ಎಂದು ಕೂಗಿಬಿಟ್ಟೆ. ಸಾರು ಬಡಿಸುವವನ ಸೌಟು ಗಾಳಿಯಲ್ಲೇ ನಿಂತಿತು. ಹಿರಿಯರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಎದ್ದು ನಿಂತು, ಎರಡೂ ಕೈ ಬಾಯಿಗೆ ಅಡ್ಡ ಹಿಡಿದು, "ರ್ರ್ರ್ರಿಯಾ!" ಎಂದು ತಿರುಗಿ ಕೂಗಿದರು. ಅವರ ತಾತ ಕುರಿ ಕಾಯುತ್ತಿದ್ದರಂತೆ, ಆಕೆ ಹೇಳಿದಳು. ನಾನು ಇನ್ನೊಮ್ಮೆ ಕೂಗಿದೆ, ಅವರೂ ಕೂಗಿದರು. ನನಗೆ ನಗುವೂ ಬಂತು, ಕಣ್ಣೀರೂ ಬಂತು.

ಮ್ಯಾನೇಜರು ಯಜಮಾನರ ಕಡೆ ತಿರುಗಿದರು. "ಎಂಥ ಫಾರ್ಮ್ರೀ ನಿಮ್ಮ ಮಾವಂದು?"

ಇವರು ನನ್ನ ಮುಖ ನೋಡಿದರು. ಕಿವಿ ಕೆಂಪಾಗಿತ್ತು. ನಾಲಿಗೆ ಸಡಿಲ ಬಿಟ್ಟು ಹೇಳಿದರು:

"ಕುರಿ ರ್ರ್ರೊಪ್ಪ, ಸಾರ್."