ಕೆಂಪಿಯ ಗಂಟೆ

ಸಂಜೆ ನಾಲ್ಕು ಗಂಟೆ ಹದಿನೇಳು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆ ಚಿತ್ರ ಇನ್ನೂ ನನ್ನ ಮೊಬೈಲಿನಲ್ಲಿದೆ. ಜಾಗ ಸಾಲದೆ ಹಳೆಯ ಚಿತ್ರಗಳನ್ನು ಅಳಿಸುತ್ತಿದ್ದಾಗ ಹೋದ ವಾರ ಕಣ್ಣಿಗೆ ಬಿತ್ತು: ನನ್ನ ಅಂಗೈ, ಅದರ ಮೇಲೆ ದನದ ಕೊರಳಿಗೆ ಕಟ್ಟುವ ಒಂದು ಮರದ ಗಂಟೆ, ಹರಿದ ಹಗ್ಗದ ತುದಿ.

ನಾಲ್ಕು ವರ್ಷದ ಹಿಂದೆ, ಎಂ.ಎ. ಮುಗಿಸಿದ ಬೇಸಿಗೆಯಲ್ಲಿ, ಮೈಸೂರಿನಿಂದ ಹೂಗ್ಯಂನ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಊರಾಚೆ, ಕಾಡಂಚಿನಲ್ಲಿ ಒಂದು ದೊಡ್ಡಿ ಇತ್ತು. ಮುಳ್ಳುಬೇಲಿ ಸುತ್ತಿದ ಬಯಲು, ಮೂಲೆಯಲ್ಲೊಂದು ಹುಲ್ಲಿನ ಗುಡಿಸಲು. ಊರವರ ದನಗಳನ್ನು ಅಲ್ಲಿ ಕೂಡಿಹಾಕಿ, ಹಗಲು ಕಾಡಿಗೆ ಮೇಯಲು ಹೊಡೆದುಕೊಂಡು ಹೋಗುತ್ತಿದ್ದವರು ಒಬ್ಬ ಮುದುಕರು. ಎಲ್ಲರಿಗೂ ಅವರು ದೊಡ್ಡಿ ತಾತ. ನನಗೂ.

ಕುದುರೆಯೇರಿ ಹಗ್ಗ ಬೀಸುವ, ದೊಡ್ಡ ಟೋಪಿಯ ದನಗಾಹಿಗಳನ್ನು ಸಿನಿಮಾದಲ್ಲಿ ನೋಡಿದ್ದವಳು ನಾನು. ಇವರ ಬಳಿ ಇದ್ದದ್ದು ಒಂದು ಕಂಬಳಿ, ಒಂದು ಕೊಡಲಿ ಮತ್ತು ಎರಡು ಕಿವಿ. ದೊಡ್ಡಮ್ಮ ಕೊಟ್ಟ ಮುದ್ದೆ ಸಾರು ಹೊತ್ತು ನಾನು ಬೇಲಿ ದಾಟುತ್ತಿದ್ದಂತೆ ದನಗಳಿಗೆ ಹೇಳುತ್ತಿದ್ದರು: “ಕಾಲೇಜವ್ವ ಬಂದ್ಲು ಕಣ್ರಲಾ, ಎದ್ ನಿಂತ್ಕಳಿ. ಪಾಟ ಮಾಡ್ತಾಳೆ.”

ಗಂಟೆಗಳನ್ನೆಲ್ಲ ಅವರೇ ಕೊರೆದಿದ್ದರು. ಒಂದರ ದನಿ ಇನ್ನೊಂದಕ್ಕಿರಲಿಲ್ಲ. ಅದೇ ನಮ್ಮಿಬ್ಬರ ಆಟವಾಯಿತು. ಅವರು ಬೆನ್ನು ತಿರುಗಿಸಿ ಕೂರುವರು, ನಾನು ಯಾವುದಾದರೂ ದನದ ಗಂಟೆ ಅಲ್ಲಾಡಿಸುವೆ, ಅವರು ಹೆಸರು ಹೇಳುವರು. ಒಮ್ಮೆಯೂ ತಪ್ಪಲಿಲ್ಲ. “ಕಣ್ಣು ಸುಳ್ಳೇಳ್ತದೆ ಕಣವ್ವ, ಗಂಟೆ ಏಳಾಕಿಲ್ಲ” ಎನ್ನುವರು. ಅವರ ಬಾಯಲ್ಲಿ ನಾನೂ ಅವ್ವ, ಹಸುಗಳೂ ಅವ್ವ...

ಆ ದಿನ ದೊಡ್ಡಿಗೆ ಹೋಗುವ ಗಾಡಿದಾರಿಯಲ್ಲಿ ಗಂಟೆ ಬಿದ್ದಿತ್ತು. ಎತ್ತಿಕೊಂಡು ಚಿತ್ರ ತೆಗೆದೆ. ತುಂಬು ಗಬ್ಬದ ಕೆಂಪಿ ಎಂಬ ಹಸು ಬೆಳಿಗ್ಗೆಯಿಂದ ಕಾಣೆಯಾಗಿತ್ತೆಂದೂ, ಕಾಡಲ್ಲಿ ಕರು ಹಾಕಿದರೆ ಚಿರತೆಯ ಪಾಲಾದೀತೆಂದು ತಾತ ಊಟವನ್ನೂ ಬಿಟ್ಟು ಹುಡುಕುತ್ತಿದ್ದರೆಂದೂ ನನಗೆ ಗೊತ್ತಿರಲಿಲ್ಲ.

ಲಂಟಾನ ಪೊದೆಗಳ ಆಚೆಯಿಂದ ಅವರ ದನಿ ಕೇಳಿಸಿತು. “ಎಲ್ಲಿದ್ದೀಯವ್ವಾ...”

ನನ್ನನ್ನೇ ಕರೆದರೆಂದುಕೊಂಡೆ. ಬಾಯಲ್ಲಿ ಓ ಎನ್ನಬಹುದಿತ್ತು. ಆಟ ನೆನಪಾಗಿ ಗಂಟೆ ಅಲ್ಲಾಡಿಸಿದೆ.

“ಅಯ್ಯೋ, ಅಲ್ಲೇ ಇರವ್ವಾ, ಬಂದೆ!”

ನಗುತ್ತಾ ಇನ್ನೊಮ್ಮೆ ಅಲ್ಲಾಡಿಸಿದೆ.

ಸುತ್ತಿ ಬರಲು ದಾರಿಯಿತ್ತು. ತಾತ ಪೊದೆಯೊಳಗೇ ನುಗ್ಗಿದರು. ಒಣಕಡ್ಡಿಗಳು ಮುರಿಯುವ ಸದ್ದು ನನ್ನ ಕಡೆಗೇ ಬರುತ್ತಿತ್ತು. ನಡುವೆ ಒಮ್ಮೆಲೇ ಮರದ ಕೊಂಬೆಯೇ ಮುರಿದಂತಾಯಿತು. ಆನೆಯೊಂದು ಆ ಪೊದೆಯೊಳಗೇ ನಿಂತಿತ್ತು. ಎಲೆಗಳ ಮೇಲೆ ಬೂದು ಬಣ್ಣದ ಬೆನ್ನು ತಿರುಗಿದ್ದು ಕಂಡೆ. ತಾತ ಕೂಗಿದ್ದು ಒಂದೇ ಸಲ. ನಾನು ಓಡಲಿಲ್ಲ, ಕಿರುಚಲಿಲ್ಲ. ಕೈಯಲ್ಲಿ ಗಂಟೆ ಬಡಿಯುತ್ತಲೇ ಇತ್ತು. ಅದನ್ನು ಎದೆಗೆ ಒತ್ತಿ ಹಿಡಿದು ನಿಂತುಬಿಟ್ಟೆ...

ಆನೆ ಹೋದ ಮೇಲೆ ಊರವರು ಅವರನ್ನು ಪಿಕಪ್ ಗಾಡಿಯಲ್ಲಿ ಮಲಗಿಸಿ ಕೊಳ್ಳೇಗಾಲದ ಆಸ್ಪತ್ರೆಗೆ ಸಾಗಿಸಿದರು. ಎರಡು ದಿನ ಜೀವವಿತ್ತು. ಎಚ್ಚರವಾದಾಗಲೆಲ್ಲ ಒಂದೇ ಮಾತು: “ಕೆಂಪಿ ಸಿಕ್ತಾ? ಗಂಟೆ ಅಲ್ಲೇ ಬಡೀತಿತ್ತಲ್ಲಾ...”

“ಸಿಕ್ತು ಕಣಯ್ಯಾ, ಸುಮ್ಕಿರು” ಎಂದು ಪಕ್ಕದಲ್ಲಿದ್ದ ಅಜ್ಜಿ, ಅವರ ಹೆಂಡತಿ, ಹೇಳಿದರು. ಅದು ಸುಳ್ಳಾಗಿರಲಿಲ್ಲ. ಮಾರನೆಯ ಮಧ್ಯಾಹ್ನ ಕೆಂಪಿ ಕರುವಿನ ಸಮೇತ ತಾನಾಗಿಯೇ ದೊಡ್ಡಿಗೆ ಬಂದು ನಿಂತಿತ್ತು, ಬರಿಗೊರಳಲ್ಲಿ. ನಾನು ಮಂಚದ ಕಾಲ ಬಳಿ ನಿಂತಿದ್ದೆ. ಹೇಳಲಿಲ್ಲ.

ತಾತನ ತಿಥಿ ಮುಗಿದ ಮಾರನೆಯ ದಿನ ಅಜ್ಜಿಯ ಮನೆಗೆ ಹೋದೆ. ಅವರು ಒಲೆಯ ಮುಂದೆ ರಾಗಿ ಕೇರುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿ, ಗಂಟೆಯನ್ನು ಮುಂದಿಟ್ಟೆ. ಮೊರ ನಿಂತಿತು.

“ನೀನಾ ಅಲ್ಲಾಡ್ಸಿದ್ದು?”

“ಹೂಂ ಅಜ್ಜಿ. ನನ್ನನ್ನೇ ಕರೆದರು ಅಂದುಕೊಂಡೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಗಂಟೆಯನ್ನೆತ್ತಿ ಒಲೆಗೆ ಹಾಕಿದರು. ಒಣಮರ, ಬೇಗ ಹತ್ತಿಕೊಂಡಿತು.

“ಯಾರ್ಗೂ ಏಳ್ಬ್ಯಾಡ” ಎಂದರು. “ಓಗವ್ವ. ಇನ್ ಈ ಕಡೀಕ್ ಬರ್ಬ್ಯಾಡ.”

ಮತ್ತೆ ಆ ಕಡೆ ಹೋಗಲಿಲ್ಲ. ಮೈಸೂರಿನಲ್ಲಿ ಕೆಲಸಕ್ಕೆ ಸೇರಿದೆ. ದಿನವೂ ನಿದ್ದೆಯ ನಡುವೆ ಆ ಗಂಟೆ ಕೇಳಿ ಎದ್ದು ಕೂರುತ್ತಿದ್ದೆ. ಓ ಎಂದಿದ್ದರೆ... ಆ ಒಂದಕ್ಷರವನ್ನು ನಾಲ್ಕು ವರ್ಷ ಎಷ್ಟು ಸಲ ಬಾಯಲ್ಲಿ ಆಡಿಕೊಂಡಿದ್ದೇನೋ.

ಮೊನ್ನೆ ದೊಡ್ಡಮ್ಮ ಫೋನು ಮಾಡಿದ್ದರು. ತಾತನ ಬಳಿಕ ದೊಡ್ಡಿಗೆ ಯಾರೂ ನಿಲ್ಲಲಿಲ್ಲ, ದನಗಳು ಒಂದೊಂದಾಗಿ ಹೋದವು, ಕೊನೆಗೆ ಉಳಿದಿದ್ದ ಕೆಂಪಿಯನ್ನೂ ಮಾರ್ಟಳ್ಳಿಯ ಕಡೆಯವರು ಹೊಡೆದುಕೊಂಡು ಹೋದರು, ಅಜ್ಜಿಯೂ ತೀರಿಕೊಂಡು ತಿಂಗಳಾಯಿತು ಎಂದರು. ಕೇಳಿಸಿಕೊಂಡೆ.

ಅಂದು ರಾತ್ರಿ ಬೆಳಗಿನವರೆಗೆ ನಿದ್ದೆ ಬಂತು. ಎದ್ದಾಗ ಬಿಸಿಲು ಹಾಸಿಗೆಯ ಮೇಲಿತ್ತು. ಗಾಬರಿಯಾಗಿ, ಆ ಗಂಟೆಯ ದನಿಯನ್ನು ಬೇಕೆಂದೇ ನೆನಪಿಸಿಕೊಳ್ಳಲು ಕೂತೆ. ಬರಲಿಲ್ಲ. ಹೇಗಿತ್ತೆಂದು ಕೇಳಲು ಈಗ ಯಾರೂ ಇಲ್ಲ.