ಬಂದವರಿಗೆ ಕಂಬಳಿ

ಮಗಳು ಮೊಬೈಲನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿಟ್ಟು ನನಗೊಂದು ಇಂಗ್ಲಿಷ್ ಸಿನಿಮಾ ತೋರಿಸಿದಳು. ಕಡೂರಿನ ಕಾಲೇಜಿನಲ್ಲಿ ಅದರ ಬಗ್ಗೆ ಮಾತಾಡಬೇಕಿತ್ತಂತೆ. ನನಗೆ ಆ ಭಾಷೆ ಬಾರದು, ಅವಳೇ ಕಥೆ ಹೇಳುತ್ತ ಹೋದಳು. ಅಮಲಿನ ಪುಡಿಯ ಚಟಕ್ಕೆ ಬಿದ್ದ ಕಪ್ಪು ಬಣ್ಣದ ತಾಯಿಯೊಬ್ಬಳು ಮಗುವನ್ನು ಕಳೆದುಕೊಳ್ಳುತ್ತಾಳೆ. ಬಿಳಿಯರ ಮನೆಯೊಂದು ಅದನ್ನು ದತ್ತು ತೆಗೆದುಕೊಳ್ಳುತ್ತದೆ. ವರ್ಷಗಳಾದ ಮೇಲೆ ಚಟ ಬಿಟ್ಟ ಹೆತ್ತವಳು ಬಾಗಿಲಿಗೆ ಬಂದು ನಿಲ್ಲುತ್ತಾಳೆ.

ಅವರೆಕಾಯಿ ಸುಲಿಯುತ್ತಿದ್ದ ನನ್ನ ಕೈ ನಿಂತಿತು. ನನ್ನ ಮಗಳನ್ನೂ ನಾನು ಹೆತ್ತಿಲ್ಲ. ಅಲ್ಲಿ ಬಣ್ಣ ಬೇರೆ, ಇಲ್ಲಿ ಕೇರಿ ಬೇರೆ, ಅಷ್ಟೇ. ನಾವು ಯಗಟಿಯ ಕುರಿ ಸಾಕುವ ಮನೆಯವರು, ಅವಳು ಊರಾಚೆ ಕೇರಿಯ, ಬೌದ್ಧರಾದ ದಲಿತರ ಮನೆಯಲ್ಲಿ ಹುಟ್ಟಿದವಳು. ಅವಳ ತಾಯಿ ಹೊಲದ ಕೆಲಸದಲ್ಲಿ ನನ್ನ ಜೊತೆಗಾತಿ. ಆಕೆ ಜ್ವರದಲ್ಲಿ ತೀರಿಕೊಂಡ ಮೇಲೆ ಗಂಡ ಕುಡಿತಕ್ಕೆ ಬಿದ್ದ. ಬಸ್ ಸ್ಟ್ಯಾಂಡಿನಲ್ಲಿ ಮೈಮರೆತು ಮಲಗಿದ್ದವನ ಪಕ್ಕ ಮಗು ಅಳುತ್ತ ಕೂತಿದ್ದನ್ನು ಕಂಡು ಎತ್ತಿಕೊಂಡು ಬಂದೆ. ಹಿರಿಯರ ಒಪ್ಪಿಗೆ, ದತ್ತು ಕಾಗದಪತ್ರ ಎಲ್ಲ ಆಮೇಲೆ ಆಯಿತು.

ನಮ್ಮ ಮನೆಯಲ್ಲೊಂದು ಪದ್ಧತಿಯಿದೆ, ಬಂದವರಿಗೆ ಕಂಬಳಿ, ಮನೆಯವರಿಗೆ ಬರಿ ನೆಲ. ಆ ಮೊದಲ ದಿನ ನನ್ನ ಅತ್ತೆ ಮಗುವಿಗೆ ಕಂಬಳಿ ಹಾಸಿದರು. ನೋಡಿದವರು ಎಂಥ ಮರ್ಯಾದೆ ಅಂದುಕೊಂಡರು. ನನಗೆ ಮೈಯೆಲ್ಲ ಉರಿಯಿತು. ಇದು ಹೋಗುವ ಮಗು, ನಮ್ಮದಲ್ಲ ಅಂತ ಅತ್ತೆ ಬಾಯಿ ಬಿಡದೆ ಹೇಳಿದ್ದರು. ಮಗುವನ್ನೆತ್ತಿ ನೆಲದ ಮೇಲೆ ನನ್ನ ಪಕ್ಕ ಕೂರಿಸಿಕೊಂಡೆ, ಕಂಬಳಿ ಸುತ್ತಿಟ್ಟೆ. ಅತ್ತೆ ಮಾತು ಬಿಟ್ಟರು. ಈಗ ಅದೇ ಅತ್ತೆಗೆ ಮೊಮ್ಮಗಳು ಮಂಡಿಗೆ ಎಣ್ಣೆ ತಿಕ್ಕದಿದ್ದರೆ ನಿದ್ದೆ ಹತ್ತುವುದಿಲ್ಲ. ಕಂಬಳಿಯ ಕಥೆಯನ್ನು ಅವಳಿಗೆ ನಗುತ್ತ ಎಷ್ಟೋ ಸಲ ಹೇಳಿದವರೂ ಅವರೇ.

ಸಿನಿಮಾದ ಬಿಳಿ ತಾಯಿ ಮಾತೆತ್ತಿದರೆ 'ನಾನು ಉಳಿಸಿದೆ' ಅನ್ನುತ್ತಿದ್ದಳು. ನನಗೆ ಹಿಡಿಸಲಿಲ್ಲ. ಮಗಳ ಸಿಟ್ಟು ಬೇರೆಯೇ.

"ಅಮಲಲ್ಲಿ ಬಿದ್ದಿರೋದ್ನ ಅಷ್ಟುದ್ದ ತೋರ್ಸವ್ರೆ ಕಣವ್ವ. ಹೆಂಗೆ ಬಿಟ್ಲು ಅಂತ ತೋರ್ಸೇ ಇಲ್ಲ. ಬಿಡೋದಲ್ವಾ ಕಷ್ಟ?"

ಕಾಲೇಜಿನಲ್ಲೂ ಎದ್ದುನಿಂತು ಅದನ್ನೇ ಹೇಳಿ ಬಂದಳು. ನನಗೆ ಹೆಮ್ಮೆಯೇನೋ ಆಯಿತು, ದಿಗಿಲೂ ಆಯಿತು. ಅವಳ ಅಪ್ಪನೂ ಕುಡಿತ ಬಿಟ್ಟಿದ್ದ. ಅಜ್ಜಂಪುರದಲ್ಲಿ ಗಾರೆ ಕೆಲಸ ಮಾಡಿಕೊಂಡು ನೆಟ್ಟಗಾಗಿದ್ದವನು, ಭಾನುವಾರ ಬರುತ್ತೇನೆ, ಮಗಳನ್ನು ಕರೆದುಕೊಂಡು ಹೋಗುವ ಮಾತಾಡಬೇಕು ಅಂತ ಹೇಳಿ ಕಳಿಸಿದ್ದ. ಸಿನಿಮಾದಲ್ಲಿ ಜಡ್ಜು ಮಗುವನ್ನು ಹೆತ್ತವಳಿಗೇ ಕೊಟ್ಟಿದ್ದರು. ಇಲ್ಲಿ ಜಡ್ಜೂ ಬೇಕಿಲ್ಲ, ಬೆಳೆದ ಹುಡುಗಿ ತಾನೇ ಹೊರಟರೆ ನಾನೇನು ಮಾಡಲಿ? ಸುದ್ದಿ ಅವಳಿಗೂ ಗೊತ್ತಿತ್ತು, ಹೋಗುತ್ತೀಯಾ ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ.

ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು, ಬಾಳೆಹಣ್ಣಿನ ಚೀಲ ಹಿಡಿದು ಬಂದ. ಕೇರಿಯವನೆಂಬ ಹಿಂಜರಿಕೆಯಿಂದ ಅಂಗಳದಲ್ಲೇ ನಿಂತ.

"ಒಳೀಕೆ ಬಾರಪ್ಪ" ಅಂತ ಮಗಳು ಕೈ ಹಿಡಿದು ಕರೆತಂದಳು.

ಆ 'ಅಪ್ಪ' ಕೇಳಿ ನನ್ನ ಜೀವ ಅರ್ಧ ಹೋಯಿತು. ಅವಳು ಕಂಬಳಿ ಕೊಡವಿ ನಡುಮನೆಯಲ್ಲಿ ಅಗಲವಾಗಿ ಹಾಸಿದಳು. ನಮ್ಮ ಸಾಲಿನ ಯಾವ ಮನೆಯಲ್ಲೂ ಆ ಕೇರಿಯವರಿಗೆ ನಡುಮನೆಯಲ್ಲಿ ಕಂಬಳಿ ಹಾಸಿದ್ದನ್ನು ನಾನು ಕಂಡಿಲ್ಲ. ಅತ್ತೆ ಸರಿದು ಜಾಗ ಬಿಟ್ಟರು. ಅವನು ಕಣ್ಣೊರೆಸಿಕೊಂಡು ಕೂತ.

ಅವಳು ನೀರು ಕೊಟ್ಟಳು. ಕುಡಿತ ಹೇಗೆ ಬಿಟ್ಟೆ ಅಂತ ಕೇಳಿದಳು. ಕೈ ನಡುಗಿದ್ದು, ಕೆಲಸ ಹೋದದ್ದು, ಮತ್ತೆ ಕುಡಿದು ಮತ್ತೆ ಬಿಟ್ಟದ್ದು, ಅವನು ಹೇಳಿದ್ದನ್ನೆಲ್ಲ ಒಂದು ಮಾತೂ ತಡೆಯದೆ ಕೇಳಿದಳು. ಮುಗಿದಾಗ ಅವನು ಪಕ್ಕದ ಜಾಗ ತಟ್ಟಿ, "ಬಾ ಮಗಾ, ಇಲ್ಲೇ ಕೂತ್ಕೊ" ಅಂದ.

ಅವಳು ನಕ್ಕಳು. ಬಂದು ಬರಿ ನೆಲದ ಮೇಲೆ ನನ್ನ ಪಕ್ಕ, ಮಂಡಿಗೆ ಮಂಡಿ ತಾಗುವಂತೆ ಕೂತಳು.

ಅವನು ತನ್ನ ಕೆಳಗಿನ ಕಂಬಳಿ ನೋಡಿದ, ನಮ್ಮ ಕೆಳಗಿನ ನೆಲ ನೋಡಿದ. ಅವನೂ ಇದೇ ಊರಿನವನು, ಬಿಡಿಸಿ ಹೇಳಬೇಕಿರಲಿಲ್ಲ. ಇಂಥ ಮಗಳನ್ನು ಬೆಳೆಸಿದ ಕೈ ಇದು ಅಂತ ನನ್ನ ಕೈಯನ್ನೇ ನೋಡಿಕೊಂಡೆ.

"ಊಟ ಮಾಡ್ಕೊಂಡು ಹೊಂಟ್ಬಿಡ್ತೀನಿ ಕಣಕ್ಕ" ಅಂದ ನನಗೆ.

"ಆಗಾಗ ಬತ್ತಾ ಇರಪ್ಪ" ಅಂದಳು ಮಗಳು. ಎದ್ದು ಹೋಗಿ ಮೊದಲ ಮುದ್ದೆಯನ್ನು ಅವನ ತಟ್ಟೆಗೆ ಹಾಕಿದಳು. ನಮ್ಮಲ್ಲಿ ಮೊದಲು ಬಡಿಸುವುದು ನೆಂಟರಿಗೆ.